ಪ್ಯಾಸ್ಕಲ್ ಪ್ರೋಗ್ರಾಂಗೆ ತಾನು ಎಲ್ಲಿ ಓಡುತ್ತಿದ್ದೇನೆ ಅಂತ ಗೊತ್ತಾಗುವುದು ಹೇಗೆ?

ಮಂಡಿಲೆಕ್ಕ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಸಮಾಧಾನದಿಂದ ಓದಿ.

ಅಪ್ಪ 1994ರಲ್ಲಿ ಟರ್ಬೊ ಪ್ಯಾಸ್ಕಲ್ 7 (ಡಾಸ್ ಎಂಬ ಹಳೆ ಆಪರೇಟಿಂಗ್ ಸಿಸ್ಟಮ್‌ಗೆ ಪ್ರೋಗ್ರಾಂ ಕಟ್ಟುವ ಕಂಪೈಲರ್) ಬಳಸಿ ನಮ್ಮ ಅಡಿಕೆ ಮಂಡಿಗೆ ಲೆಕ್ಕದ ಪ್ರೋಗ್ರಾಂ ಬರೆದಿದ್ದರು. ರೈತರ ಖಾತೆ, ತೂಕ, ಕಮಿಷನ್, ಕೊನೆಗೆ ಪಟ್ಟಿಯ ಪ್ರಿಂಟ್. ಇವತ್ತಿಗೂ ಅದೇ ಓಡುತ್ತಿದೆ. ಒಂದು ಪೈಸೆ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ. ಹಾಗಾಗಿ ಅದನ್ನು ಬಿಡುವ ಮನಸ್ಸಿಲ್ಲ.

ಈಗ ಅದು ಮೂರು ಕಡೆ ಓಡುತ್ತದೆ. ಮಂಡಿಯಲ್ಲಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆ ಕಂಪ್ಯೂಟರ್. ಗೋಡೌನ್‌ನಲ್ಲಿ ಇನ್ನೂ ಹಳೆಯದು, ಅದಕ್ಕೆ ಉಚಿತ ಡಾಸ್ ಆದ ಫ್ರೀಡಾಸ್ ಹಾಕಿದ್ದೇನೆ. ಮನೆಯಲ್ಲಿ ನನ್ನ ಲಿನಕ್ಸ್ ಲ್ಯಾಪ್‌ಟಾಪ್, ಅದರೊಳಗೆ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ 0.74.

ತೊಂದರೆ ಎರಡು. ಎಕ್ಸ್‌ಪಿಯಲ್ಲಿ ಮೆನು ತೆರೆದು ಸುಮ್ನೆ ಬಿಟ್ಟರೂ ಪ್ರೊಸೆಸರ್ ನೂರಕ್ಕೆ ನೂರು ಓಡುತ್ತದೆ, ಫ್ಯಾನ್ ಕಿರುಚುತ್ತದೆ. ಡಾಸ್‌ಬಾಕ್ಸ್‌ನಲ್ಲಿ ಪಟ್ಟಿ ಪ್ರಿಂಟ್ ಕೊಟ್ಟರೆ ಎಲ್ಲೂ ಬರುವುದಿಲ್ಲ, ಎರರ್ ಕೂಡ ಇಲ್ಲ.

ಪ್ರೋಗ್ರಾಂಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಾದರೆ ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಹಾಗೆ ಮಾಡಬಹುದು, ಅಲ್ವಾ? ಡಾಸ್ ಯುನಿಟ್‌ನಲ್ಲಿರುವ (ಯುನಿಟ್ ಅಂದರೆ ಪ್ಯಾಸ್ಕಲ್‌ನ ಸಿದ್ಧ ಕೋಡ್ ಕಟ್ಟು) ಡಾಸ್‌ವರ್ಷನ್ ಫಂಕ್ಷನ್ ಕರೆದು ನೋಡಿದೆ. ಎಕ್ಸ್‌ಪಿಯಲ್ಲಿ 5 ಅಂತು. ಡಾಸ್‌ಬಾಕ್ಸ್‌ನಲ್ಲೂ 5 ಅಂತು. ಎರಡನ್ನೂ ಬೇರೆ ಮಾಡುವುದು ಹೇಗೆ?


ಹಳೇಫ್ಲಾಪಿ

ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. 1992ರ ಕೊನೆಗೆ ಬಂದ ಟರ್ಬೊ ಪ್ಯಾಸ್ಕಲ್ 7 ಇನ್ನೂ ಮಂಡಿಯ ಲೆಕ್ಕ ಬರೆಯುತ್ತಿದೆ ಎಂದು ಕೇಳಿಯೇ ಖುಷಿಯಾಯಿತು.

ನೀವು ಕಂಡದ್ದು ಸರಿ. ಡಾಸ್‌ವರ್ಷನ್ ಒಳಗೆ ಮಾಡುವುದು ಇಷ್ಟೇ: ಇಂಟರಪ್ಟ್ $21ರ (ಪ್ರೋಗ್ರಾಂ ಡಾಸ್ ಅನ್ನು ಕರೆಯುವ ದಾರಿ; $ ಅಂದರೆ ಹೆಕ್ಸ್, 16ರ ಲೆಕ್ಕದ ಸಂಖ್ಯೆ) $30 ಸೇವೆಯನ್ನು ಕರೆದು, ಬಂದ ಉತ್ತರವನ್ನು ನಿಮಗೆ ಕೊಡುತ್ತದೆ. ಎಕ್ಸ್‌ಪಿಯೊಳಗೆ ಡಾಸ್ ಪ್ರೋಗ್ರಾಂ ಓಡಿಸುವ ಪೆಟ್ಟಿಗೆಯೂ ಡಾಸ್‌ಬಾಕ್ಸೂ ತಾವು 5.0 ಎಂದೇ ಹೇಳಿಕೊಳ್ಳುತ್ತವೆ. ಅದೂ ಅಲ್ಲದೆ ಡಾಸ್ 5ರಿಂದ ಸೆಟ್‌ವರ್ ಎಂಬ ಕಮಾಂಡ್ ಇದೆ. ಯಾವ ಪ್ರೋಗ್ರಾಂಗೆ ಯಾವ ವರ್ಷನ್ ಹೇಳಬೇಕು ಅಂತ ಅದರಲ್ಲಿ ಬರೆದಿಡಬಹುದು. ಅಂದರೆ ಈ ಉತ್ತರ ಬದಲಾಗಲು ದಾರಿ ಬೇಕಾದಷ್ಟಿದೆ.

ಇನ್ನೊಂದು ಹಳೆ ಗುಂಡಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಡಾಸ್‌ವರ್ಷನ್ ಕೊಡುವ ಸಂಖ್ಯೆಯಲ್ಲಿ ಕೆಳಗಿನ ಬೈಟ್ ಮುಖ್ಯ ವರ್ಷನ್, ಮೇಲಿನ ಬೈಟ್ ಉಪ ವರ್ಷನ್. ನಾವು ಅಂದುಕೊಳ್ಳುವುದಕ್ಕೆ ಉಲ್ಟಾ. ಡಾಸ್ 6.22ರಲ್ಲಿ ಇಡೀ ಸಂಖ್ಯೆ 5638 ಬರುತ್ತದೆ. ಅದಕ್ಕಿಂತ ಎಷ್ಟೋ ಹಳೆಯ ಡಾಸ್ 3.30ರಲ್ಲಿ 7683. ಸಂಖ್ಯೆಯನ್ನು ಹಾಗೇ ಹೋಲಿಸಿದರೆ 3.30 ಹೊಸದು, 6.22 ಹಳೆಯದು ಎಂದಾಗುತ್ತದೆ! ಮೊದಲು ಲೋ, ಆಮೇಲೆ ಹೈ ಎಂದು ಬೇರೆ ಬೇರೆ ತೆಗೆದೇ ಹೋಲಿಸಬೇಕು. ನಾನು ಇದರಲ್ಲಿ ಒಂದು ಇಡೀ ದಿನ ಕಳೆದಿದ್ದೇನೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಎಕ್ಸ್‌ಪಿ ಗುರುತು: ರಿಜಿಸ್ಟರ್ಸ್ ರೆಕಾರ್ಡ್‌ನ ಎಎಕ್ಸ್‌ಗೆ (ಎಎಕ್ಸ್, ಬಿಎಕ್ಸ್ ಪ್ರೊಸೆಸರ್‌ನ ಒಳಗಿನ ಪುಟ್ಟ ಜಾಗಗಳು; ಎಎಲ್, ಎಎಚ್, ಬಿಎಚ್ ಅವುಗಳ ಅರ್ಧಗಳು) $3306 ಹಾಕಿ ಎಂಎಸ್‌ಡಾಸ್ ಪ್ರೊಸೀಜರ್ ಕರೆಯಿರಿ. ಇದು ಡಾಸ್ 5ರಿಂದ ಇರುವ 'ನಿಜವಾದ ವರ್ಷನ್' ಸೇವೆ, ಸೆಟ್‌ವರ್ ಇದನ್ನು ಮುಟ್ಟುವುದಿಲ್ಲ. ಎನ್‌ಟಿ, 2000, ಎಕ್ಸ್‌ಪಿ ಸಾಲಿನ ವಿಂಡೋಸ್‌ನಲ್ಲಿ ಬಿಎಕ್ಸ್‌ನಲ್ಲಿ $3205 ಬರುತ್ತದೆ. ಅಂದರೆ 5.50. ಅಂಗಡಿಯಲ್ಲಿ 5.50 ಎಂಬ ಎಂಎಸ್‌ಡಾಸ್ ಮಾರಾಟಕ್ಕೆ ಬಂದದ್ದೇ ಇಲ್ಲ. ಆದ್ದರಿಂದ ಇದು ಒಳ್ಳೆಯ ಗುರುತು. ಡಾಸ್‌ಬಾಕ್ಸ್ ಇಲ್ಲೂ 5.0 ಎನ್ನುತ್ತದೆ.

ಫ್ರೀಡಾಸ್ ಗುರುತು: ಎಎಕ್ಸ್‌ಗೆ $3000 ಹಾಕಿ ಕರೆದಾಗ ಬಿಎಚ್‌ನಲ್ಲಿ ತಯಾರಕರ ಸಂಖ್ಯೆ ಬರುತ್ತದೆ. 253 ಇದ್ದರೆ ಫ್ರೀಡಾಸ್, 255 ಇದ್ದರೆ ಮೈಕ್ರೋಸಾಫ್ಟ್. ಡಾಸ್‌ವರ್ಷನ್ ಫಂಕ್ಷನ್ ಎಎಕ್ಸ್ ಮಾತ್ರ ಕೊಡುತ್ತದೆ, ಬಿಎಚ್ ಬಿಟ್ಟುಬಿಡುತ್ತದೆ. ಹಾಗಾಗಿ ಇಲ್ಲೂ ಎಂಎಸ್‌ಡಾಸ್ ಪ್ರೊಸೀಜರೇ ಬೇಕು.

ಡಾಸ್‌ಬಾಕ್ಸ್ ಗುರುತು: ಮೆಮೊರಿಯಲ್ಲಿ $ಎಫ್000:$ಇ061ರಿಂದ ಓದಿ. ಅಲ್ಲಿ ಅದು 'ಡಾಸ್‌ಬಾಕ್ಸ್ ಫೇಕ್‌ಬಯಾಸ್' ಎಂದು ತನ್ನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದೆ. ಮೆಮ್ ಅರೇಯಿಂದ ಆರು ಬೈಟ್ ಓದಿದರೆ ಸಾಕು.

ವಿಂಡೋಸ್ 3.1, 95, 98 ಬೇಕಿದ್ದರೆ ಇಂಟರಪ್ಟ್ $2ಎಫ್‌ನಲ್ಲಿ $1600. ಎಎಲ್‌ನಲ್ಲಿ 0 ಅಥವಾ $80 ಉಳಿದರೆ ಎನ್‌ಹ್ಯಾನ್ಸ್‌ಡ್ ಮೋಡ್‌ನ ವಿಂಡೋಸ್ ಇಲ್ಲ. 1 ಅಥವಾ 255 ಬಂದರೆ ತೀರಾ ಹಳೆಯ ವಿಂಡೋಸ್/386. ಇಲ್ಲವಾದರೆ ಎಎಲ್‌ನಲ್ಲಿ ಮುಖ್ಯ ವರ್ಷನ್, ಎಎಚ್‌ನಲ್ಲಿ ಉಪ ವರ್ಷನ್. 95 ಆದರೆ 4 ಮತ್ತು 0, 98 ಆದರೆ 4 ಮತ್ತು 10, ಎಂಇ ಆದರೆ 4 ಮತ್ತು 90. ಎನ್‌ಟಿ ಪರೀಕ್ಷೆಯನ್ನು ಮಾತ್ರ ಇದಕ್ಕಿಂತ ಮೊದಲು ಮಾಡಿ.


ಕರಾವಳಿಕೋಡು

ಹಳೇಫ್ಲಾಪಿ ಸರ್ ಹೇಳಿದ್ದೆಲ್ಲ ಸರಿ. ಆದರೆ ಮಂಡಿಲೆಕ್ಕ ಅವರೇ, ಒಂದು ನಿಮಿಷ ನಿಲ್ಲಿ ಮಾರಾಯ್ರೇ. ನಿಮಗೆ ನಿಜವಾಗಿ ಬೇಕಾದದ್ದು ಹೆಸರಾ?

ನಿಮಗೆ ಬೇಕಾದದ್ದು ಎರಡು. ಸುಮ್ಮನಿರುವಾಗ ಪ್ರೊಸೆಸರ್ ಬಿಟ್ಟುಕೊಡಬೇಕು. ಪ್ರಿಂಟ್ ಹೋಗಬೇಕು. ಇವೆರಡನ್ನೂ ನೇರವಾಗಿ ಕೇಳಿ. ಊರಿನ ಹೆಸರು ಕೇಳಿ 'ಹಾಗಾದರೆ ಅಲ್ಲಿ ನೀರು ಇರಬಹುದು' ಎಂದು ಊಹಿಸುವ ಬದಲು, ಬಾವಿಗೇ ಕೊಡ ಇಳಿಸಿ ನೋಡುವುದು ಒಳ್ಳೆಯದು.

ಮೊದಲನೆಯದಕ್ಕೆ ಇಂಟರಪ್ಟ್ $2ಎಫ್‌ನಲ್ಲೇ $1680 ಇದೆ. 'ನನ್ನ ಪಾಲಿನ ಸಮಯ ಬೇರೆಯವರಿಗೆ ಕೊಡಿ' ಅಂತ ಅದರ ಅರ್ಥ. ಆ ಸೌಲಭ್ಯ ಇರುವ ಕಡೆ ಎಎಲ್ 0 ಆಗುತ್ತದೆ. ಇಲ್ಲದ ಕಡೆ ನೀವು ಹಾಕಿದ $80 ಹಾಗೇ ಉಳಿಯುತ್ತದೆ. ಆಗ ಇಂಟರಪ್ಟ್ $28 ಕರೆಯಿರಿ, ಅದು ಡಾಸ್‌ನ ಬಿಡುವಿನ ಸೂಚನೆ. ವಿಂಡೋಸ್ 3.1, 95, ಎಕ್ಸ್‌ಪಿ, ಐಬಿಎಂನ ಓಎಸ್/2 ಎಲ್ಲಕ್ಕೂ ಇದೊಂದೇ ಕರೆ. ಹೆಸರು ಗೊತ್ತಿರಬೇಕಾಗಿಯೇ ಇಲ್ಲ.

ನಿಮ್ಮ ಅಪ್ಪ ಮೆನುವಿನಲ್ಲಿ 'ಕೀಪ್ರೆಸ್ಡ್ ಆಗುವ ತನಕ ಸುತ್ತು' ಎಂಬ ರಿಪೀಟ್ ಬರೆದಿರಬೇಕು. ಬಹುಶಃ ಮೂಲೆಯಲ್ಲಿ ಗಡಿಯಾರ ಓಡಿಸಲು. ಆ ರಿಪೀಟ್ ಒಳಗೆ ಈ ಕರೆ ಸೇರಿಸಿ. ಅಷ್ಟೇ.

ಹೆಸರಿನ ಪಟ್ಟಿ ಇಟ್ಟುಕೊಂಡು ಹೊರಟ ಪ್ರೋಗ್ರಾಂ ಪಟ್ಟಿಯಲ್ಲಿಲ್ಲದ ಕಡೆ ಹೋದ ದಿನ ಕಂಗಾಲಾಗುತ್ತದೆ. ಓಎಸ್/2 ಒಳಗೆ ಡಾಸ್ ವರ್ಷನ್ ಕೇಳಿದರೆ 20 ಬರುತ್ತಿತ್ತು. ಅದರ ವಾರ್ಪ್ 3 ಆವೃತ್ತಿಯಲ್ಲಿ 20.30, ವಾರ್ಪ್ 4ರಲ್ಲಿ 20.40. 'ಮುಖ್ಯ ವರ್ಷನ್ 3, 4, 5 ಅಥವಾ 6 ಇದ್ದರೆ ಮಾತ್ರ ಓಡು' ಎಂದು ಬರೆದ ಪ್ರೋಗ್ರಾಂ ಅಲ್ಲಿ ಬಾಗಿಲಲ್ಲೇ ನಿಂತುಬಿಡುತ್ತದೆ. ಒಳಗೆ ಅದಕ್ಕೆ ಬೇಕಾದದ್ದೆಲ್ಲ ಇದ್ದರೂ!


ಮಂಡಿಲೆಕ್ಕ

ಹೌದು, ಮೂಲೆಯಲ್ಲಿ ಗಡಿಯಾರ ಇದೆ! ಹೇಗೆ ಗೊತ್ತಾಯಿತು? $1680 ಹಾಕಿ ನೋಡುತ್ತೇನೆ.

ಪ್ರಿಂಟ್‌ಗೂ ಹೀಗೇ ನೇರವಾಗಿ ಕೇಳಬಹುದಾ? ಪ್ರಿಂಟರ್ ಪೋರ್ಟ್ ಇದೆಯೋ ಇಲ್ಲವೋ ಅಂತ?


ಕರಾವಳಿಕೋಡು

ಕೇಳಬಹುದು. ಬಯಾಸ್ (ಕಂಪ್ಯೂಟರ್ ಎಬ್ಬಿಸುವ ಮೂಲ ಪ್ರೋಗ್ರಾಂ) ತನ್ನ ಡೇಟಾ ಜಾಗದಲ್ಲಿ, $40:$8ರಲ್ಲಿ, ಮೊದಲ ಪ್ರಿಂಟರ್ ಪೋರ್ಟ್ ಆದ ಎಲ್‌ಪಿಟಿ1ರ ವಿಳಾಸ ಬರೆದಿಟ್ಟಿರುತ್ತದೆ. ಮೆಮ್‌ಡಬ್ಲ್ಯೂ ಅರೇಯಿಂದ ಓದಿ. ಸೊನ್ನೆ ಇದ್ದರೆ ಪೋರ್ಟ್ ಇಲ್ಲ.


ಹಳೇಫ್ಲಾಪಿ

ಇಲ್ಲಿ ನಾನು ಒಪ್ಪುವುದಿಲ್ಲ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಡಾಸ್‌ಬಾಕ್ಸ್ ಮಾಡಿದವರ ಕಣ್ಣು ಆಟಗಳ ಮೇಲೆ. ಅದರಲ್ಲಿ ಡಿಸ್ನಿ ಸೌಂಡ್ ಸೋರ್ಸ್ ಎಂಬ ಹಳೆ ಧ್ವನಿ ಸಾಧನದ ಅನುಕರಣೆ ಇದೆ. ಆ ಸಾಧನವನ್ನು ಸಿಕ್ಕಿಸುತ್ತಿದ್ದದ್ದು ಪ್ಯಾರಲಲ್ ಪೋರ್ಟ್‌ಗೆ. ಹಾಗಾಗಿ ಡಾಸ್‌ಬಾಕ್ಸ್ ಒಳಗೆ ಎಲ್‌ಪಿಟಿ1ರ ವಿಳಾಸ ಓದಿದರೆ ಪೋರ್ಟ್ ಇದೆ ಎಂದೇ ಕಾಣಬಹುದು. ಆದರೆ 0.74ರಲ್ಲಿ ಪ್ರಿಂಟರ್‌ಗೆ ದಾರಿಯೇ ಇಲ್ಲ. ನೀವು ಕಳಿಸಿದ ಪಟ್ಟಿ ಸದ್ದಿಲ್ಲದೆ ಕಾಣೆಯಾದದ್ದು ಅದಕ್ಕೇ. ಬಾವಿಗೆ ಕೊಡ ಇಳಿಯುತ್ತದೆ, ನೀರು ಮಾತ್ರ ಇಲ್ಲ.

ಇಂಥ ಕಡೆ ಹೆಸರೇ ಬೇಕು. ರೈತನ ಪಟ್ಟಿ ಪ್ರಿಂಟ್ ಆಗದೆ 'ಆಯಿತು' ಎಂದು ತೋರಿಸುವುದು ಸಣ್ಣ ತಪ್ಪಲ್ಲ. $ಇ061ರ ಹೆಸರು ನೋಡಿ. ಡಾಸ್‌ಬಾಕ್ಸ್ ಆಗಿದ್ದರೆ ಪಟ್ಟಿಯನ್ನು ಫೈಲ್‌ಗೆ ಬರೆಯಿರಿ. ಮೌಂಟ್ ಮಾಡಿದ ಫೋಲ್ಡರ್‌ನಲ್ಲಿ ಆ ಫೈಲ್ ಲಿನಕ್ಸ್‌ಗೂ ಕಾಣುತ್ತದೆ, ಅಲ್ಲಿಂದ ಪ್ರಿಂಟ್ ಕೊಡಬಹುದು. ಇಲ್ಲವೇ ಡಾಸ್‌ಬಾಕ್ಸ್-ಎಕ್ಸ್‌ಗೆ ಹೋಗಿ, ಅದರಲ್ಲಿ ಪ್ರಿಂಟಿಂಗ್ ಇದೆ.

ಅಪ್ಪನ ಕೋಡ್‌ನಲ್ಲಿ ರೈಟ್‌ಲೈನ್ ಎಲ್ಲ 'ಎಲ್‌ಎಸ್‌ಟಿ'ಗೆ ಹೋಗುತ್ತಿದ್ದರೆ ಕೆಲಸ ಬಹಳ ಸುಲಭ. ಅದು ಪ್ರಿಂಟರ್ ಯುನಿಟ್ ಕೊಡುವ ಒಂದು ಸಾಮಾನ್ಯ ಟೆಕ್ಸ್ಟ್ ವೇರಿಯಬಲ್. ಪ್ರೋಗ್ರಾಂ ಶುರುವಿನಲ್ಲೇ ಅದನ್ನು ಕ್ಲೋಸ್ ಮಾಡಿ, ಫೈಲ್ ಹೆಸರಿಗೆ ಅಸೈನ್ ಮಾಡಿ, ರೀರೈಟ್ ಮಾಡಿ. ಉಳಿದ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ.


ಕರಾವಳಿಕೋಡು

ಡಿಸ್ನಿ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಒಪ್ಪಿದೆ. ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ: ಕೇಳಿದ್ದಕ್ಕೆ ಪ್ರಾಮಾಣಿಕ ಉತ್ತರ ಬರುವ ಕಡೆ ಸೌಲಭ್ಯವನ್ನೇ ಕೇಳಿ. ಉತ್ತರ ಸುಳ್ಳಾಗಬಹುದಾದ ಕಡೆ ಮಾತ್ರ ಹೆಸರು ನೋಡಿ. ಹೆಸರು ಗುರುತು ಸಿಗಲಿಲ್ಲವೆಂದು ಪ್ರೋಗ್ರಾಂ ನಿಲ್ಲಬಾರದು, ಮಾಮೂಲಿ ಡಾಸ್ ಎಂದುಕೊಂಡು ಮುಂದೆ ಹೋಗಬೇಕು.


ಎರಡನೇಸೆಮ್

ನಾನು ಈಗ ಫ್ರೀ ಪ್ಯಾಸ್ಕಲ್ ಕಲಿಯುತ್ತಿದ್ದೇನೆ. ಇಷ್ಟೆಲ್ಲ ಯಾಕೆ ಬೇಕು ಅಂತ ಅರ್ಥ ಆಗಲಿಲ್ಲ. ಇಫ್‌ಡೆಫ್ ಹಾಕಿದರೆ ಆಯಿತಲ್ಲ? ವಿಂಡೋಸ್ ಇದ್ದರೆ ಇದು, ಲಿನಕ್ಸ್ ಇದ್ದರೆ ಅದು. ತಪ್ಪಿದ್ದರೆ ತಿದ್ದಿ ಅಣ್ಣಂದಿರೇ.


ಕರಾವಳಿಕೋಡು

ಒಳ್ಳೆಯ ಪ್ರಶ್ನೆ ತಮ್ಮಾ. ಎಲ್ಲರೂ ಒಮ್ಮೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಇಫ್‌ಡೆಫ್‌ಗೆ ಉತ್ತರ ಕೊಡುವುದು ಕಂಪೈಲರ್. 'ಈ ಪ್ರೋಗ್ರಾಂ ಯಾವುದಕ್ಕಾಗಿ ಕಟ್ಟಿದ್ದು' ಎಂದು ಅದು ಹೇಳುತ್ತದೆ. ಆಮೇಲೆ ಆ ಪ್ರೋಗ್ರಾಂ ಎಲ್ಲಿಗೆ ಹೋಯಿತು ಅಂತ ಕಂಪೈಲರ್‌ಗೆ ಹೇಗೆ ಗೊತ್ತಾಗಬೇಕು? ಮಂಡಿಯವರ ಪ್ರೋಗ್ರಾಂ ನೋಡು. ಕಂಪೈಲ್ ಆದದ್ದು 1994ರಲ್ಲಿ, ಒಂದೇ ಸಲ, ಡಾಸ್‌ಗೆಂದು. ಎಕ್ಸ್‌ಪಿ ಬಂದದ್ದು 2001ರಲ್ಲಿ. ಅದರ ಹೆಸರು ಆ ಫೈಲ್‌ನೊಳಗೆ ಇರಲು ಸಾಧ್ಯವೇ ಇಲ್ಲ. ಓಡುವಾಗ ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಹಾಗಂತ ಇಫ್‌ಡೆಫ್ ಬೇಡ ಎಂದಲ್ಲ. ಯಾವ ಯುನಿಟ್ ಸೇರಿಸಬೇಕು, ಯಾವ ಕರೆ ಇದೆ ಯಾವುದು ಇಲ್ಲ, ಇವಕ್ಕೆ ಅದೇ ಬೇಕು. ಅಲ್ಲೂ ಒಂದು ಎಚ್ಚರ. ವಿನ್32 ಎಂಬ ಗುರುತನ್ನು 'ವಿಂಡೋಸ್' ಎಂಬ ಅರ್ಥದಲ್ಲಿ ಬಳಸಬೇಡ. 64 ಬಿಟ್‌ಗೆ ಕಂಪೈಲ್ ಮಾಡಿದ ದಿನ ಆ ಗುರುತು ಇರುವುದಿಲ್ಲ. ಕೋಡ್ ಸೀದಾ ಎಲ್ಸ್ ಕಡೆ ಜಾರಿ, ನಿನ್ನ ವಿಂಡೋಸ್ ಪ್ರೋಗ್ರಾಂ ಲಿನಕ್ಸ್‌ನ ಸಾಲುಗಳನ್ನು ಕಂಪೈಲ್ ಮಾಡಲು ಹೋಗುತ್ತದೆ. ಎಂಎಸ್‌ವಿಂಡೋಸ್ ಎಂಬ ಗುರುತು ಬಳಸು. ಅದು 32 ಮತ್ತು 64 ಎರಡಕ್ಕೂ ಇದೆ, ಡೆಲ್ಫಿಯಲ್ಲೂ ಇದೆ, ಫ್ರೀ ಪ್ಯಾಸ್ಕಲ್‌ನಲ್ಲೂ ಇದೆ. ಲಿನಕ್ಸ್, ಮ್ಯಾಕ್, ಬಿಎಸ್‌ಡಿ ಎಲ್ಲ ಸೇರಿಸಿ ಹೇಳಬೇಕಾದರೆ ಫ್ರೀ ಪ್ಯಾಸ್ಕಲ್‌ನಲ್ಲಿ ಯುನಿಕ್ಸ್.

ಎಷ್ಟೋ ಕಡೆ ಅದೂ ಬೇಕಾಗುವುದಿಲ್ಲ. ಫೋಲ್ಡರ್ ನಡುವಿನ ಗೆರೆ ಓರೆಯೋ ಹಿಂದೋರೆಯೋ ಎಂಬುದಕ್ಕೆ ಡೈರೆಕ್ಟರಿಸೆಪರೇಟರ್ ಎಂಬ ಕಾನ್ಸ್ಟಂಟ್ ಇದೆ. ಸಾಲಿನ ಕೊನೆಗೆ ಲೈನ್‌ಎಂಡಿಂಗ್. ಸೆಟ್ಟಿಂಗ್ಸ್ ಇಡುವ ಜಾಗಕ್ಕೆ ಗೆಟ್‌ಆ್ಯಪ್‌ಕಾನ್ಫಿಗ್‌ಡಿರ್. ಔಟ್‌ಪುಟ್ ಪರದೆಗೆ ಹೋಗುತ್ತಿದೆಯಾ ಫೈಲ್‌ಗಾ ಅಂತ ನೋಡಲು ಯುನಿಕ್ಸ್ ಕಡೆ ಟರ್ಮ್‌ಐಓ ಯುನಿಟ್‌ನ ಈಸ್‌ಎಟಿಟಿವೈ. ಬಣ್ಣದ ಅಕ್ಷರ ಬರೆಯುವ ಮೊದಲು ಇದನ್ನು ಕೇಳದಿದ್ದರೆ ಫೈಲ್ ತುಂಬ ಚಿತ್ರವಿಚಿತ್ರ ಚಿಹ್ನೆ ತುಂಬಿಕೊಳ್ಳುತ್ತವೆ.


ದೂರದೇಶಿ

ಹೊಸ ವಿಂಡೋಸ್ ಬಗ್ಗೆ ಯಾರೂ ಬರೆದಿಲ್ಲ, ನಾನು ಸೇರಿಸುತ್ತೇನೆ. ದಿನಾ ಫ್ರೀ ಪ್ಯಾಸ್ಕಲ್‌ನ ಲಾಜರಸ್ ಸಾಧನದಲ್ಲೇ ಕೆಲಸ ಮಾಡುವವನು ನಾನು.

ಗೆಟ್‌ವರ್ಷನ್‌ಎಕ್ಸ್ ಎಂಬ ಹಳೆ ಕರೆಯನ್ನು ನಂಬಬೇಡಿ. ವಿಂಡೋಸ್ 8.1ರಿಂದ ಅದರ ನಡವಳಿಕೆ ಬದಲಾಗಿದೆ. ನಿಮ್ಮ ಪ್ರೋಗ್ರಾಂನ ಮ್ಯಾನಿಫೆಸ್ಟ್‌ನಲ್ಲಿ (ಅದರ ಜೊತೆಗಿರುವ ವಿವರ ಪತ್ರ) 'ನನಗೆ ಈ ವಿಂಡೋಸ್ ಗೊತ್ತು' ಎಂದು ಬರೆದಿಲ್ಲವಾದರೆ ಅದು 6.2 ಎಂದೇ ಹೇಳುತ್ತದೆ, ಅಂದರೆ ವಿಂಡೋಸ್ 8. ಫ್ರೀ ಪ್ಯಾಸ್ಕಲ್‌ನ ಸಿಸ್‌ಯುಟಿಲ್ಸ್‌ನಲ್ಲಿರುವ ವಿನ್32ಮೇಜರ್‌ವರ್ಷನ್ ಕೂಡ ಅದೇ ಕರೆಯಿಂದ ತುಂಬಿಕೊಳ್ಳುತ್ತದೆ. ಎನ್‌ಟಿಡಿಎಲ್‌ಎಲ್ ಎಂಬ ವಿಂಡೋಸ್ ಲೈಬ್ರರಿಯಲ್ಲಿರುವ ಆರ್‌ಟಿಎಲ್‌ಗೆಟ್‌ವರ್ಷನ್ ನಿಜ ಹೇಳುತ್ತದೆ. ಅದರಲ್ಲೂ ವಿಂಡೋಸ್ 11 ತನ್ನನ್ನು 10.0 ಎಂದೇ ಕರೆದುಕೊಳ್ಳುತ್ತದೆ! ಬಿಲ್ಡ್ ಸಂಖ್ಯೆ 22000 ಅಥವಾ ಜಾಸ್ತಿ ಇದ್ದರೆ 11 ಎಂದು ತಿಳಿಯಬೇಕು.

ಲಿನಕ್ಸ್‌ನಲ್ಲಿ ವಿಂಡೋಸ್ ಪ್ರೋಗ್ರಾಂ ಓಡಿಸುವ ವೈನ್ ಒಳಗೆ ಓಡುತ್ತಿದೆಯಾ ಎಂದು ನೋಡಲು ಅದೇ ಎನ್‌ಟಿಡಿಎಲ್‌ಎಲ್‌ನಲ್ಲಿ 'ವೈನ್ ಗೆಟ್ ವರ್ಷನ್' ಎಂಬ ಫಂಕ್ಷನ್ ಇದೆಯಾ ಎಂದು ಗೆಟ್‌ಪ್ರಾಕ್‌ಅಡ್ರೆಸ್‌ನಿಂದ ಹುಡುಕಿ. ನಿಜವಾದ ವಿಂಡೋಸ್‌ನಲ್ಲಿ ಅದು ಸಿಗುವುದಿಲ್ಲ. ವಿಂಡೋಸ್ ಒಳಗಿನ ಲಿನಕ್ಸ್, ಅಂದರೆ ಡಬ್ಲ್ಯೂಎಸ್‌ಎಲ್ ಆದರೆ, ಪ್ರಾಕ್ ಫೋಲ್ಡರ್‌ನ ವರ್ಷನ್ ಫೈಲ್ ಓದಿ ಅದರಲ್ಲಿ ಮೈಕ್ರೋಸಾಫ್ಟ್ ಎಂಬ ಹೆಸರು ಹುಡುಕಿ. ದೊಡ್ಡಕ್ಷರ ಸಣ್ಣಕ್ಷರ ಎರಡೂ ಬರುತ್ತದೆ, ಆದ್ದರಿಂದ ಲೋವರ್‌ಕೇಸ್ ಮಾಡಿ ಹೋಲಿಸಿ. ಮಾಮೂಲಿ ಲಿನಕ್ಸ್‌ಗೆ ಬೇಸ್‌ಯುನಿಕ್ಸ್ ಯುನಿಟ್‌ನ ಎಫ್‌ಪಿಯುನೇಮ್ ಕರ್ನಲ್ ಹೆಸರು, ವರ್ಷನ್, ಯಂತ್ರದ ಜಾತಿ ಕೊಡುತ್ತದೆ.

ಮಂಡಿಲೆಕ್ಕ ಅವರಿಗೆ ಒಂದು ಮಾತು. ಎಕ್ಸ್‌ಪಿ ಕಂಪ್ಯೂಟರ್ ಕೆಟ್ಟು 64 ಬಿಟ್ ವಿಂಡೋಸ್ ತಂದರೆ ಈ ಪ್ರೋಗ್ರಾಂ ಅಲ್ಲಿ ನೇರವಾಗಿ ಓಡುವುದೇ ಇಲ್ಲ, 16 ಬಿಟ್ ಡಾಸ್ ಪೆಟ್ಟಿಗೆ ಅದರಲ್ಲಿ ಇಲ್ಲ. ಆಗ ಡಾಸ್‌ಬಾಕ್ಸೇ ಗತಿ. ಇಲ್ಲವೇ ಫ್ರೀ ಪ್ಯಾಸ್ಕಲ್‌ಗೆ ಸಾಗಿಸಬೇಕು. 2015ರಲ್ಲಿ ಬಂದ 3.0ರಿಂದ ಫ್ರೀ ಪ್ಯಾಸ್ಕಲ್ 16 ಬಿಟ್ ಡಾಸ್‌ಗೂ ಕಂಪೈಲ್ ಮಾಡುತ್ತದೆ. ಅಂದರೆ ಒಂದೇ ಮೂಲ ಕೋಡ್‌ನಿಂದ ಗೋಡೌನ್‌ನ ಫ್ರೀಡಾಸ್‌ಗೂ ನಿಮ್ಮ ಲಿನಕ್ಸ್‌ಗೂ ಕಟ್ಟಬಹುದು.


ಬೆಣ್ಣೆನಗರಿ

ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ಒಂದು ಅನುಭವ ಹೇಳಬೇಕು ಅನ್ನಿಸಿತು.

2000ದ ಸುಮಾರಿಗೆ ನಾನು ಒಂದು ಕಾಲೇಜಿನ ಲೈಬ್ರರಿಗೆ ಟರ್ಬೊ ಪ್ಯಾಸ್ಕಲ್‌ನಲ್ಲಿ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಚೆನ್ನಾಗಿ ಓಡುತ್ತಿತ್ತು. ಅವರು ಹೊಸ ಪೆಂಟಿಯಂ 3 ಕಂಪ್ಯೂಟರ್ ತಂದರು. ಪ್ರೋಗ್ರಾಂ ತೆರೆದ ಕೂಡಲೇ 'ರನ್‌ಟೈಮ್ ಎರರ್ 200', ಸೊನ್ನೆಯಿಂದ ಭಾಗಿಸಿದ ತಪ್ಪು. ನಾನು ಎಲ್ಲೂ ಭಾಗಾಕಾರವೇ ಬರೆದಿರಲಿಲ್ಲ. ಮೊದಲ ಸಾಲಿಗೆ ರೈಟ್‌ಲೈನ್ ಹಾಕಿ ನೋಡಿದೆ, ಅದೂ ಬರಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ.

ಆಮೇಲೆ ತಿಳಿಯಿತು. ತಪ್ಪು ಪರದೆ, ಕೀಬೋರ್ಡ್ ನೋಡಿಕೊಳ್ಳುವ ಸಿಆರ್‌ಟಿ ಯುನಿಟ್‌ನಲ್ಲಿತ್ತು. ಡಿಲೇ (ಇಷ್ಟು ಹೊತ್ತು ಕಾಯಿ ಎಂಬ ಕರೆ) ಸರಿಯಾಗಿ ಆಗಲಿ ಎಂದು ಅದು ಶುರುವಿನಲ್ಲೇ ಕಂಪ್ಯೂಟರ್‌ನ ವೇಗ ಅಳೆಯುತ್ತದೆ. ಗಡಿಯಾರದ ಒಂದು ಟಿಕ್, ಅಂದರೆ ಸುಮಾರು 55 ಮಿಲಿಸೆಕೆಂಡ್, ಆಗುವಷ್ಟರಲ್ಲಿ ಎಷ್ಟು ಸಲ ಸುತ್ತಿದೆ ಎಂದು ಎಣಿಸಿ 55ರಿಂದ ಭಾಗಿಸುತ್ತದೆ. ಉತ್ತರ 16 ಬಿಟ್‌ನಲ್ಲಿ, ಅಂದರೆ 65535ರೊಳಗೆ, ಹಿಡಿಯಬೇಕು. ವೇಗದ ಯಂತ್ರದಲ್ಲಿ ಹಿಡಿಯಲಿಲ್ಲ. ಉತ್ತರ ಹಿಡಿಸದಿದ್ದರೂ ಪ್ರೊಸೆಸರ್ ಎಬ್ಬಿಸುವುದು ಅದೇ ಭಾಗಾಕಾರದ ತಪ್ಪನ್ನು. ಯುನಿಟ್‌ನ ಶುರುವಿನ ಕೋಡ್ ನಮ್ಮ ಪ್ರೋಗ್ರಾಂಗಿಂತ ಮೊದಲು ಓಡುವುದರಿಂದ ನನ್ನ ರೈಟ್‌ಲೈನ್‌ಗೆ ಸರದಿಯೇ ಬರಲಿಲ್ಲ. ತಿದ್ದಿದ ಸಿಆರ್‌ಟಿ ಹಾಕಿ ಮತ್ತೆ ಕಂಪೈಲ್ ಮಾಡಿದ ಮೇಲೆ ಸರಿಹೋಯಿತು.

ಯಾಕೆ ಹೇಳಿದೆ ಅಂದರೆ, ಅದು ಬಿದ್ದದ್ದೇ ತಾನಿರುವ ಜಾಗವನ್ನು ಅಳೆಯಲು ಹೋಗಿ. ನೀವು ಬರೆಯುವ ಪರೀಕ್ಷೆಗಳನ್ನು ಯುನಿಟ್‌ನ ಶುರುವಿನಲ್ಲಿ ಇಟ್ಟರೆ ಅವೂ ಮೊದಲ ಸಾಲಿಗಿಂತ ಮೊದಲೇ ಓಡುತ್ತವೆ. ಯುನಿಟ್ ಮಾಡಿದರೆ ಅದರ ಶುರುವಿನಲ್ಲಿ ಏನೂ ಓಡಿಸಬೇಡಿ. ಪ್ರೋಗ್ರಾಂ ಎದ್ದು ನಿಂತ ಮೇಲೆ ಕರೆಯುವ ಫಂಕ್ಷನ್ ಆಗಿ ಇಡಿ. ಆಗ ತಪ್ಪಾದರೂ ಕನಿಷ್ಠ ಒಂದು ಸಂದೇಶ ಪರದೆಯ ಮೇಲೆ ಬರುತ್ತದೆ.

ಮಂಡಿಯ ಎಕ್ಸ್‌ಪಿ ಯಂತ್ರದಲ್ಲಿ ನಿಮಗೆ ಈ ತೊಂದರೆ ಬಂದಿಲ್ಲವಾದರೆ ನಿಮ್ಮ ಅಪ್ಪ ಯಾವಾಗಲೋ ತಿದ್ದಿದ ಸಿಆರ್‌ಟಿ ಹಾಕಿರಬೇಕು, ಅಥವಾ ಸಿಆರ್‌ಟಿ ಬಳಸಿಯೇ ಇಲ್ಲ.


ಮಂಡಿಲೆಕ್ಕ

ಎಲ್ಲರಿಗೂ ತುಂಬ ಧನ್ಯವಾದ. ಮಾಡಿದ್ದನ್ನು ಹೇಳುತ್ತೇನೆ.

ಬೆಣ್ಣೆನಗರಿ ಅವರು ಹೇಳಿದ ಮೇಲೆ ಅಪ್ಪನನ್ನು ಕೇಳಿದೆ. ಹೌದಂತೆ. 2001ರಲ್ಲಿ ಹೊಸ ಯಂತ್ರ ತಂದ ದಿನವೇ ಇದೇ ಎರರ್ ಬಂದು, ಮಂಡಿಯಲ್ಲಿ ಮೂರು ದಿನ ಕೈಬರಹದಲ್ಲಿ ಪಟ್ಟಿ ಕೊಟ್ಟಿದ್ದರಂತೆ. ಕಂಪ್ಯೂಟರ್ ಸೆಂಟರ್‌ನವರೊಬ್ಬರು ಫ್ಲಾಪಿಯಲ್ಲಿ ತಿದ್ದಿದ ಯುನಿಟ್ ತಂದುಕೊಟ್ಟರಂತೆ. ನಾನು ಆಗ ಸಣ್ಣವನು, ಏನೂ ಗೊತ್ತಿರಲಿಲ್ಲ.

ಮೆನುವಿನ ರಿಪೀಟ್ ಒಳಗೆ $1680 ಸೇರಿಸಿದೆ, ಎಎಲ್ ಬದಲಾಗದಿದ್ದರೆ $28. ಎಕ್ಸ್‌ಪಿಯಲ್ಲಿ ಫ್ಯಾನ್ ಸದ್ದು ನಿಂತಿತು. ಅಪ್ಪ ಹತ್ತು ನಿಮಿಷ ಅದರ ಮುಂದೆಯೇ ಕುಳಿತು ಗಡಿಯಾರ ಸರಿಯಾಗಿ ಓಡುತ್ತಿದೆಯಾ ಎಂದು ನೋಡಿದರು. ಓಡುತ್ತಿದೆ.

ಪ್ರಿಂಟ್‌ಗೆ ಹಳೇಫ್ಲಾಪಿ ಸರ್ ಹೇಳಿದ ಹಾಗೇ ಮಾಡಿದೆ. $ಇ061ರಲ್ಲಿ ಡಾಸ್‌ಬಾಕ್ಸ್ ಹೆಸರು ಇದ್ದರೆ ಎಲ್‌ಎಸ್‌ಟಿ ಫೈಲ್‌ಗೆ ಹೋಗುತ್ತದೆ, ಪರದೆಯ ಕೆಳಗೆ 'ಫೈಲ್‌ಗೆ ಬರೆಯಲಾಗಿದೆ' ಎಂದು ಇಂಗ್ಲಿಷ್‌ನಲ್ಲಿ ಬರುತ್ತದೆ. ಅಪ್ಪನ ಕೋಡ್‌ನಲ್ಲಿ ಬದಲಾದದ್ದು ಆರು ಸಾಲು ಮಾತ್ರ. $3306 ಮತ್ತು ಬಿಎಚ್ ನೋಡುವ ಪರೀಕ್ಷೆಗಳನ್ನೂ ಹಾಕಿದ್ದೇನೆ. ಅವುಗಳಿಂದ ಏನನ್ನೂ ನಿರ್ಧರಿಸುವುದಿಲ್ಲ, ದಿನದ ಲಾಗ್‌ನಲ್ಲಿ ಬರೆಯಲು ಮಾತ್ರ. ಗೋಡೌನ್‌ನಿಂದ ಫೋನ್ ಬಂದಾಗ ಯಾವ ಯಂತ್ರದ ಮಾತು ಅಂತ ಲಾಗ್ ನೋಡಿದರೆ ಗೊತ್ತಾಗುತ್ತದೆ.

ಒಂದೇ ಒಂದು ಉಳಿದಿದೆ. ಫೈಲ್‌ನಿಂದ ಡಾಟ್ ಮ್ಯಾಟ್ರಿಕ್ಸ್‌ಗೆ ಕಳಿಸಿದಾಗ ಕೊನೆಯ ಪುಟ ಹೊರಗೆ ಬರುವುದಿಲ್ಲ, ಪ್ರಿಂಟರ್‌ನಲ್ಲೇ ಅರ್ಧಕ್ಕೆ ನಿಲ್ಲುತ್ತದೆ. ಮೊದಲು ನೇರ ಪ್ರಿಂಟ್ ಕೊಡುವಾಗ ಮಂಡಿಯವರು ಪ್ರಿಂಟರ್‌ನ ಬಟನ್ ಒತ್ತುತ್ತಿದ್ದರು.


ಹಳೇಫ್ಲಾಪಿ

ಎಲ್‌ಎಸ್‌ಟಿ ಕ್ಲೋಸ್ ಮಾಡುವ ಮೊದಲು 12ನೇ ಸಂಕೇತ ಕಳಿಸಿ, ಅದು ಫಾರ್ಮ್‌ಫೀಡ್, ಅಂದರೆ ಪುಟ ಹೊರಗೆ ತಳ್ಳುವ ಸೂಚನೆ. ಪ್ಯಾಸ್ಕಲ್‌ನಲ್ಲಿ #12. ರೈಟ್‌ಲೈನ್ ಬೇಡ, ರೈಟ್ ಬಳಸಿ. ರೈಟ್‌ಲೈನ್ ಆದರೆ ಹೊಸ ಪುಟದಲ್ಲಿ ಒಂದು ಸಾಲು ಕೆಳಗೆ ಇಳಿದುಬಿಡುತ್ತದೆ, ಮುಂದಿನ ಪಟ್ಟಿ ಒಂದು ಸಾಲು ತಪ್ಪಿ ಶುರುವಾಗುತ್ತದೆ.